ಕೊಳ್ಳುವ ಸೇರು, ಕೊಡುವ ಸೇರು

ಹಿಂದೆ ಸಂತೆಗಳಲ್ಲಿ ಕೆಲವು ವ್ಯಾಪಾರಿಗಳು ಎರಡು ಸೇರುಗಳನ್ನು ಇಟ್ಟುಕೊಂಡಿರುತ್ತಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. ರೈತನಿಂದ ರಾಗಿಯನ್ನು ಕೊಳ್ಳುವಾಗ ಒಂದು, ಗಿರಾಕಿಗೆ ಅದೇ ರಾಗಿಯನ್ನು ಅಳೆದು ಕೊಡುವಾಗ ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಳಗಿನ ಅಳತೆ ಮಾತ್ರ ಬೇರೆ. ಆ ವ್ಯಾಪಾರಿಗೆ ತಾನು ಮೋಸ ಮಾಡುತ್ತಿರುವುದು ತಿಳಿದಿತ್ತು. ಆದರೆ ರಾಜಕೀಯದಲ್ಲಿ ಎರಡು ಸೇರುಗಳನ್ನು ಇಟ್ಟುಕೊಂಡವನಿಗೆ ಅದು ತಿಳಿದೇ ಇರುವುದಿಲ್ಲ. ತನ್ನ ಬಳಿ ಇರುವುದು ಒಂದೇ ಸೇರು, ಅದೂ ಸರ್ಕಾರದ ಮುದ್ರೆ ಬಿದ್ದ ಸೇರು ಎಂದು ಅವನು ಮನಸಾರೆ ನಂಬಿರುತ್ತಾನೆ. ತೊಡಕಿರುವುದು ಇಲ್ಲಿಯೇ.

ಈ ಮಾತಿಗೆ ನಿದರ್ಶನ ಯಾವ ದೇಶದಲ್ಲಿ ಬೇಕಾದರೂ ದೊರೆತೀತು. ನಾನು ಅಮೆರಿಕದ ಸಂಯುಕ್ತ ಸಂಸ್ಥಾನವನ್ನು ಆರಿಸಿಕೊಳ್ಳುವುದಕ್ಕೆ ಕಾರಣಗಳುಂಟು. ಅಲ್ಲಿ ದೊಡ್ಡ ಪಕ್ಷಗಳು ಎರಡೇ: ರಿಪಬ್ಲಿಕನ್ ಮತ್ತು ಡೆಮೊಕ್ರಾಟಿಕ್. ಅಧ್ಯಕ್ಷಪದವಿ ಈ ಎರಡರ ನಡುವೆ ಅತ್ತಿಂದಿತ್ತ ಓಡಾಡುತ್ತಿರುತ್ತದೆ. ನಿರುದ್ಯೋಗ, ಬೆಲೆಯೇರಿಕೆಗಳ ಲೆಕ್ಕ ತಿಂಗಳು ತಿಂಗಳಿಗೂ ಪ್ರಕಟವಾಗುತ್ತದೆ. ಆದುದರಿಂದ ಒಂದೇ ಬಗೆಯ ಅಂಕಿಯನ್ನು ಒಂದೇ ಪಕ್ಷದವರು ಎರಡು ಕಾಲಗಳಲ್ಲಿ ಹೇಗೆ ಓದಿದರೆಂಬುದನ್ನು ಒರೆಗೆ ಹಚ್ಚಿ ನೋಡಬಹುದು. ಇನ್ನೊಂದು ಕಾರಣ ಮನೆಯದು. ನನ್ನ ಇಬ್ಬರು ಸೋದರಮಾವಂದಿರು ಅಲ್ಲಿ ನೆಲೆಸಿ, ಅಲ್ಲಿಯ ಪೌರರಾಗಿದ್ದಾರೆ. ದೊಡ್ಡ ಮಾವ ನ್ಯೂ ಜರ್ಸಿಯಲ್ಲಿದ್ದು ಡೆಮೊಕ್ರಾಟರಿಗೆ ಮತ ನೀಡುತ್ತಾರೆ. ಚಿಕ್ಕ ಮಾವ ಟೆಕ್ಸಾಸಿನಲ್ಲಿದ್ದು ರಿಪಬ್ಲಿಕನ್ನರಿಗೆ. ಒಂದೇ ತಾಯಿಯ ಮಕ್ಕಳು, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದವರು. ಇಬ್ಬರೂ ಸಜ್ಜನರು, ಇಬ್ಬರೂ ಲೆಕ್ಕದಲ್ಲಿ ಗಟ್ಟಿಗರು. ಅವರು ಊರಿಗೆ ಬಂದಾಗ ನಡೆಯುವ ವಾದಗಳೇ ನನ್ನನ್ನು ಈ ಅಂಕಿಗಳ ಬೆನ್ನು ಹತ್ತುವಂತೆ ಮಾಡಿದವು.

ಮೊದಲು ಆರ್ಥಿಕ ವಿಷಯವನ್ನೇ ನೋಡೋಣ. ರೇಗನ್ನರ ಆಳ್ವಿಕೆಯಲ್ಲಿ, 1982ರ ಕೊನೆಯ ತಿಂಗಳುಗಳಲ್ಲಿ, ಅಮೆರಿಕದ ನಿರುದ್ಯೋಗ ಶೇಕಡಾ 10.8ರವರೆಗೆ ಏರಿತ್ತು. ಅದು ಇಳಿಯುತ್ತ ಬಂದು 1984ರ ಸೆಪ್ಟೆಂಬರಿನಲ್ಲಿ ಶೇಕಡಾ 7.3 ಆಯಿತು. ದೇಶದಲ್ಲಿ ಮತ್ತೆ ಬೆಳಗಾಗಿದೆಯೆಂದು ಅವರ ಪಕ್ಷದವರು ಪ್ರಚಾರ ಮಾಡಿದರು. ರೇಗನ್ನರು ಐವತ್ತು ರಾಜ್ಯಗಳಲ್ಲಿ ನಲವತ್ತೊಂಬತ್ತನ್ನು ಗೆದ್ದರು. ಒಬಾಮರ ಆಳ್ವಿಕೆಯಲ್ಲಿ, 2009ರ ಅಕ್ಟೋಬರಿನಲ್ಲಿ, ನಿರುದ್ಯೋಗ ಶೇಕಡಾ 10ನ್ನು ಮುಟ್ಟಿ, ಇಳಿಯುತ್ತ ಬಂದು 2012ರ ಸೆಪ್ಟೆಂಬರಿನಲ್ಲಿ ಶೇಕಡಾ 7.8 ಆಯಿತು. ಅದೇ ರಿಪಬ್ಲಿಕನ್ನರ ಕಣ್ಣಿಗೆ ಆಗ ಕಂಡದ್ದು ಬೆಳಗಲ್ಲ, ನಟ್ಟಿರುಳು. ಎರಡು ಕಾಲಗಳಿಗೂ ಭೇದವಿರಲಿಲ್ಲವೆಂದು ನಾನು ಹೇಳುವುದಿಲ್ಲ. 1984ರಲ್ಲಿ ಆರ್ಥಿಕ ಬೆಳವಣಿಗೆ ಶೇಕಡಾ 7ನ್ನು ದಾಟಿತ್ತು. 2012ರಲ್ಲಿ ಅದು ಶೇಕಡಾ 2ಕ್ಕಿಂತ ಸ್ವಲ್ಪ ಮಾತ್ರ ಹೆಚ್ಚಿತ್ತು. ಆದರೆ ಈ ಭೇದವನ್ನು ಎತ್ತಿ ವಾದಿಸಿದವರು ಎಷ್ಟು ಮಂದಿ? ಹೆಚ್ಚಿನವರು ಅಂಕಿಯನ್ನು ನೋಡುವ ಮೊದಲೇ ತೀರ್ಪನ್ನು ಬರೆದಿಟ್ಟುಕೊಂಡಿದ್ದರು.

ಡೆಮೊಕ್ರಾಟರು ಇದನ್ನೋದಿ ಹಿಗ್ಗಬೇಕಾಗಿಲ್ಲ. ಅವರ ಮನೆಯಲ್ಲಿಯೂ ಎರಡು ಸೇರುಗಳುಂಟು. 1996ರಲ್ಲಿ ಕ್ಲಿಂಟನ್ನರು ಎರಡನೆಯ ಬಾರಿ ಚುನಾವಣೆಗೆ ನಿಂತಾಗ ಆ ವರ್ಷದ ಸರಾಸರಿ ನಿರುದ್ಯೋಗ ಶೇಕಡಾ 5.4. ಅದು ಅವರ ದಕ್ಷತೆಯ ಫಲವೆಂದು ಪಕ್ಷವು ಡಂಗುರ ಹೊಡೆಯಿತು. 2004ರಲ್ಲಿ ಕಿರಿಯ ಬುಷ್ ಅವರು ಎರಡನೆಯ ಬಾರಿ ನಿಂತಾಗ ಆ ವರ್ಷದ ಸರಾಸರಿ ಶೇಕಡಾ 5.5. ಅದೇ ಡೆಮೊಕ್ರಾಟರು ದೇಶದಲ್ಲಿ ಉದ್ಯೋಗವೇ ಇಲ್ಲವೆಂದು ಗೋಳಾಡಿದರು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎಂದು ನಮ್ಮ ಹೆಂಗಸರು ಹೇಳುವ ಗಾದೆ ಇಂಥ ಕಡೆಗೆ ಎಷ್ಟು ಚೆನ್ನಾಗಿ ಹೊಂದುತ್ತದೆ! ಪಾತ್ರೆ ಒಂದೇ, ಒಡಕು ಒಂದೇ. ಒಡೆದ ಕೈ ಯಾರದು ಎಂಬುದರ ಮೇಲೆ ನಷ್ಟದ ಲೆಕ್ಕ.

ಇದು ಕೇವಲ ಭಾಷಣಕಾರರ ಚಾಳಿಯಾಗಿದ್ದರೆ ನಕ್ಕು ಸುಮ್ಮನಿರಬಹುದಾಗಿತ್ತು. ಆದರೆ ಸಾಮಾನ್ಯ ಮತದಾರನ ಕಣ್ಣಿಗೂ ಈ ಪೊರೆ ಬಂದಿರುತ್ತದೆ. ಲ್ಯಾರಿ ಬಾರ್ಟೆಲ್ಸ್ ಎಂಬ ರಾಜ್ಯಶಾಸ್ತ್ರಜ್ಞರು ಇದಕ್ಕೊಂದು ಸೊಗಸಾದ ಸಾಕ್ಷಿಯನ್ನು ಎತ್ತಿ ತೋರಿಸಿದ್ದಾರೆ. 1980ರಲ್ಲಿ ಅಮೆರಿಕದ ಹಣದುಬ್ಬರ ಶೇಕಡಾ 13.5 ಇತ್ತು, ರೇಗನ್ನರ ಎಂಟು ವರ್ಷಗಳ ಕೊನೆಗೆ, 1988ರಲ್ಲಿ, ಅದು ಶೇಕಡಾ 4.1ಕ್ಕೆ ಇಳಿದಿತ್ತು. ಆ ವರ್ಷದ ಸಮೀಕ್ಷೆಯಲ್ಲಿ ಕಟ್ಟಾ ಡೆಮೊಕ್ರಾಟರನ್ನು ಕೇಳಿದಾಗ, ಈ ಎಂಟು ವರ್ಷಗಳಲ್ಲಿ ಹಣದುಬ್ಬರ ಇನ್ನಷ್ಟು ಕೆಟ್ಟಿತೆಂದು ಅರ್ಧಕ್ಕಿಂತ ಹೆಚ್ಚು ಮಂದಿ ಹೇಳಿದರು. ಪ್ರತಿದಿನವೂ ಅಂಗಡಿಗೆ ಹೋಗಿ ಬೇಳೆ, ಬ್ರೆಡ್ಡು ಕೊಳ್ಳುವವರ ಉತ್ತರವಿದು! ಇತ್ತ ಕ್ಲಿಂಟನ್ನರ ಕಾಲದಲ್ಲಿ ಕೇಂದ್ರ ಸರ್ಕಾರದ ಖೋತಾ 1992ರ 29,000 ಕೋಟಿ ಡಾಲರಿನಿಂದ 1996ರಲ್ಲಿ 10,700 ಕೋಟಿ ಡಾಲರಿಗೆ ಇಳಿಯಿತು. ಖೋತಾ ಏರಿದೆಯೆಂದು ಹೇಳಿದ ರಿಪಬ್ಲಿಕನ್ನರೇ ಹೆಚ್ಚು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬುದು ಸರಿಯೇ. ಪರರ ಮನೆಯ ಮುದ್ದು ಕೂಸೂ ಹೆಗ್ಗಣವಾಗಿ ಕಾಣುತ್ತದೆಂಬುದು ಅದರ ಇನ್ನರ್ಧ.

ಇನ್ನೂ ಒಂದು ಮಾತಿದೆ. ಅಧ್ಯಕ್ಷನಾದವನು ಹೊಗಳಿಕೆಯನ್ನಾಗಲಿ ತೆಗಳಿಕೆಯನ್ನಾಗಲಿ ಒಬ್ಬನೇ ಹೊರಬೇಕಾದವನೆ? ರೇಗನ್ನರ ಕಾಲದಲ್ಲಿ ಹಣದುಬ್ಬರ ಇಳಿದದ್ದಕ್ಕೆ ದೊಡ್ಡ ಕಾರಣ, ಅಲ್ಲಿಯ ಕೇಂದ್ರ ಬ್ಯಾಂಕಿನ ಮುಖ್ಯಸ್ಥರಾಗಿದ್ದ ಪಾಲ್ ವೋಲ್ಕರ್ ಅವರು ಬಡ್ಡಿಯ ದರವನ್ನು ನಿರ್ದಾಕ್ಷಿಣ್ಯವಾಗಿ ಏರಿಸಿದ್ದು. ಅವರನ್ನು 1979ರಲ್ಲಿ ನೇಮಿಸಿದವರು ಡೆಮೊಕ್ರಾಟರಾದ ಕಾರ್ಟರ್. ಔಷಧ ಕೊಡಿಸಿದವರು ಒಬ್ಬರು, ಗುಣವಾದಾಗ ಹಾಸಿಗೆಯ ಪಕ್ಕದಲ್ಲಿದ್ದವರು ಇನ್ನೊಬ್ಬರು. ಆ ಕಹಿ ಔಷಧದ ನಡುವೆ ರೋಗಿಯ ಬೈಗುಳವನ್ನು ಸಹಿಸಿ, ಅದನ್ನು ನಿಲ್ಲಿಸದೆ ಬಿಟ್ಟ ಶ್ರೇಯಸ್ಸು ರೇಗನ್ನರಿಗೂ ಸಲ್ಲಬೇಕು. ಹೀಗೆ ಪಾಲು ಹಂಚಿ ಲೆಕ್ಕ ಹಾಕುವ ತಾಳ್ಮೆ ಪಕ್ಷಾಭಿಮಾನಕ್ಕೆ ಇರುವುದಿಲ್ಲ.

2008ರ ಬೇಸಗೆಯಲ್ಲಿ, ನಾನು ಪದವಿಪೂರ್ವ ತರಗತಿಯ ವಿದ್ಯಾರ್ಥಿಯಾಗಿದ್ದಾಗ, ಮನೆಯ ಮದುವೆಯೊಂದಕ್ಕೆ ಮಾವಂದಿರಿಬ್ಬರೂ ಬಂದಿದ್ದರು. ಆ ವರ್ಷದ ಜುಲೈ ತಿಂಗಳಲ್ಲಿ ಅಲ್ಲಿ ಪೆಟ್ರೋಲಿನ ಬೆಲೆ ಗ್ಯಾಲನ್ನಿಗೆ 4 ಡಾಲರನ್ನು ಮೀರಿತ್ತು. "ಎಣ್ಣೆ ಕಂಪನಿಗಳ ಗೆಳೆಯರನ್ನು ಅಧ್ಯಕ್ಷರನ್ನಾಗಿ ಮಾಡಿದರೆ ಇನ್ನೇನಾದೀತು?" ಎಂದರು ದೊಡ್ಡ ಮಾವ. "ಅಣ್ಣ, ಎಣ್ಣೆಯ ಬೆಲೆ ಪ್ರಪಂಚದ ಪೇಟೆಯಲ್ಲಿ ನಿರ್ಧಾರವಾಗುತ್ತದೆ. ಅದಕ್ಕೂ ಬುಷ್ ಅವರಿಗೂ ಏನು ಸಂಬಂಧ?" ಎಂದರು ಚಿಕ್ಕ ಮಾವ. 2022ರ ಜೂನ್ ತಿಂಗಳಲ್ಲಿ ಬೆಲೆ 5 ಡಾಲರನ್ನು ದಾಟಿತು. ಆ ವರ್ಷ ಫೆಬ್ರುವರಿಯಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋಗಿತ್ತು, ಅಧ್ಯಕ್ಷರಾಗಿದ್ದವರು ಬೈಡನ್. ದೂರವಾಣಿಯಲ್ಲಿ ಮಾತನಾಡುವಾಗ ಇಬ್ಬರನ್ನೂ ಬೇರೆ ಬೇರೆಯಾಗಿ ವಿಚಾರಿಸಿದೆ. "ಎಲ್ಲ ಬೈಡನ್ನರ ಕೈಗುಣ ಕಣಪ್ಪ" ಎಂದರು ಚಿಕ್ಕ ಮಾವ. "ಪ್ರಪಂಚದ ಪೇಟೆಯ ಬೆಲೆಗೆ ಅಧ್ಯಕ್ಷರು ಏನು ಮಾಡಲಾದೀತು?" ಎಂದರು ದೊಡ್ಡ ಮಾವ. ಹದಿನಾಲ್ಕು ವರ್ಷಗಳಲ್ಲಿ ಅಣ್ಣತಮ್ಮಂದಿರು ಮಾತನ್ನು ಅದಲುಬದಲು ಮಾಡಿಕೊಂಡಿದ್ದರು. ಇಬ್ಬರಿಗೂ ಅದರ ಅರಿವಿರಲಿಲ್ಲ.

ಸಾಲದ ವಿಷಯವೂ ಹೀಗೆಯೇ. ಸರ್ಕಾರ ಎಷ್ಟು ಸಾಲ ಮಾಡಬಹುದೆಂಬುದಕ್ಕೆ ಅಮೆರಿಕದಲ್ಲಿ ಕಾನೂನಿನ ಮಿತಿಯೊಂದಿದೆ. 2006ರಲ್ಲಿ, ಬುಷ್ ಅವರ ಕಾಲದಲ್ಲಿ, ಆ ಮಿತಿಯನ್ನು ಏರಿಸುವುದಕ್ಕೆ ವಿರುದ್ಧವಾಗಿ ಮತ ನೀಡಿದ ಸೆನೆಟರುಗಳಲ್ಲಿ ಒಬಾಮರೂ ಒಬ್ಬರು. 2011ರಲ್ಲಿ ಅವರೇ ಅಧ್ಯಕ್ಷರಾಗಿ, ಮಿತಿಯನ್ನು ಏರಿಸದಿದ್ದರೆ ದೇಶಕ್ಕೆ ಅನಾಹುತವೆಂದು ಬೇಡಿಕೊಳ್ಳಬೇಕಾಯಿತು. ರಿಪಬ್ಲಿಕನ್ನರು ಆಗ ಕೊನೆಯ ಗಳಿಗೆಯವರೆಗೆ ಜಗ್ಗಾಡಿದರು. ಆ ಆಗಸ್ಟಿನಲ್ಲಿ ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಸಂಸ್ಥೆ ಅಮೆರಿಕದ ಸಾಲಯೋಗ್ಯತೆಯ ದರ್ಜೆಯನ್ನೇ ಇಳಿಸಿತು. ಮುಂದೆ ಟ್ರಂಪ್ ಅವರ ಮೊದಲ ಅವಧಿಯಲ್ಲಿ, ಉದ್ಯೋಗಗಳು ಧಾರಾಳವಾಗಿದ್ದ 2019ರಲ್ಲಿಯೇ, ಖೋತಾ 98,400 ಕೋಟಿ ಡಾಲರಿಗೆ ಏರಿದಾಗ ಆ ಜಗ್ಗಾಟ ಕಾಣಲಿಲ್ಲ. 2025ರ ಜುಲೈ ತಿಂಗಳಲ್ಲಿ ಅದೇ ಪಕ್ಷ ಒಂದೇ ಕಾನೂನಿನಿಂದ ಸಾಲದ ಮಿತಿಯನ್ನು 5 ಲಕ್ಷ ಕೋಟಿ ಡಾಲರಿನಷ್ಟು ಏರಿಸಿತು.

ಅಳತೆ ಬದಲಾಗುವುದು ಒಂದು ಹಂತ. ಅಳೆಯುವವನನ್ನೇ ಸಂದೇಹಿಸುವುದು ಅದರ ಮುಂದಿನ ಹಂತ. 2012ರ ಅಕ್ಟೋಬರಿನಲ್ಲಿ ನಿರುದ್ಯೋಗ ಇಳಿದ ಸುದ್ದಿ ಬಂದಾಗ, ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಮಾಜಿ ಮುಖ್ಯಸ್ಥ ಜ್ಯಾಕ್ ವೆಲ್ಚ್ ಅವರಂಥವರೇ ಅಂಕಿಗಳನ್ನು ತಿದ್ದಲಾಗಿದೆಯೆಂಬ ಧ್ವನಿಯಲ್ಲಿ ಮಾತನಾಡಿದರು. 2016ರ ಚುನಾವಣೆಯಲ್ಲಿ ಟ್ರಂಪ್ ಅವರು ಈ ಅಂಕಿಗಳು ಸುಳ್ಳೆಂದು ಸಾರಿದ್ದರು. ಅಧಿಕಾರಕ್ಕೆ ಬಂದ ಮೇಲೆ, 2017ರ ಮಾರ್ಚ್ ತಿಂಗಳಲ್ಲಿ, ಒಳ್ಳೆಯ ಅಂಕಿ ಬಂದಿತು. ಹಿಂದೆ ಸುಳ್ಳಾಗಿದ್ದಿರಬಹುದು, ಈಗ ಮಾತ್ರ ನಿಜವೆಂದು ಅಧ್ಯಕ್ಷರ ಅಭಿಪ್ರಾಯವನ್ನು ಅವರ ವಕ್ತಾರರು ನಗುತ್ತ ತಿಳಿಸಿದರು, ಪತ್ರಕರ್ತರೂ ನಕ್ಕರು. 2025ರ ಆಗಸ್ಟ್ 1ರಂದು ಅಂಕಿ ಕೆಟ್ಟದಾಗಿ ಬಂದಿತು. ಅಂದೇ ಅಂಕಿಅಂಶ ಕಚೇರಿಯ ಮುಖ್ಯಸ್ಥೆಯನ್ನು ಕೆಲಸದಿಂದ ತೆಗೆದುಹಾಕಲಾಯಿತು. ಆ ದಿನ ಯಾರೂ ನಗಲಿಲ್ಲ. ಜ್ವರ ಹೆಚ್ಚಾಯಿತೆಂದು ಉಷ್ಣಮಾಪಕವನ್ನು ಹೊರಗೆಸೆದ ಮನೆಯಲ್ಲಿ ರೋಗಿಯ ಗತಿಯೇನು?

ರೋಗಿಯ ಮಾತು ಬಂದುದರಿಂದ ಆರೋಗ್ಯದ ವಿಷಯಕ್ಕೆ ಬರೋಣ. ಪಕ್ಷದ ಹಟ ಇಲ್ಲಿ ಅಂಕಿಯಲ್ಲಿ ನಿಲ್ಲದೆ ಮೈಗೆ ತಟ್ಟುತ್ತದೆ. 1961ರಲ್ಲಿ, ವೃದ್ಧರಿಗೆ ಸರ್ಕಾರವೇ ಆಸ್ಪತ್ರೆಯ ವಿಮೆ ಒದಗಿಸಬೇಕೆಂಬ ಮಸೂದೆ ಬಂದಾಗ ಅಮೆರಿಕದ ವೈದ್ಯರ ಸಂಘ ಅದನ್ನು ಎದುರಿಸಿತು. ಆಗಿನ್ನೂ ಚಿತ್ರನಟರಾಗಿದ್ದ ರೇಗನ್ನರ ಭಾಷಣವನ್ನು ಗ್ರಾಮಾಫೋನ್ ತಟ್ಟೆಯಲ್ಲಿ ಮುದ್ರಿಸಿ ಹಂಚಿದರು. ವೈದ್ಯರ ಪತ್ನಿಯರು ನೆರೆಹೊರೆಯ ಗೃಹಿಣಿಯರನ್ನು ಕಾಫಿಗೆ ಕರೆದು, ತಟ್ಟೆಯನ್ನು ಕೇಳಿಸಿ, ಶಾಸನಸಭೆಯ ಸದಸ್ಯರಿಗೆ ಪತ್ರ ಬರೆಸುವುದು ಆಗಿನ ಏರ್ಪಾಡು. ಈ ವಿಮೆಯಿಂದ ದೇಶದ ಸ್ವಾತಂತ್ರ್ಯವೇ ನಾಶವಾದೀತೆಂಬುದು ಭಾಷಣದ ಸಾರ. ಆದರೂ 1965ರ ಜುಲೈ 30ರಂದು ಜಾನ್ಸನ್ನರು ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. ಪ್ರತಿನಿಧಿಸಭೆಯ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು ಮಂದಿ ಅದರ ಪರವಾಗಿ ಮತ ನೀಡಿದ್ದರೆಂಬುದನ್ನು ಇಂದು ನೆನೆದರೆ ಆಶ್ಚರ್ಯವಾಗುತ್ತದೆ. ಮುಂದೆ ಅದೇ ಮೆಡಿಕೇರಿಗೆ ಔಷಧಗಳ ವೆಚ್ಚವನ್ನು ಸೇರಿಸಿ, 2003ರಲ್ಲಿ ಅದನ್ನು ಹಿಗ್ಗಿಸಿದವರು ರಿಪಬ್ಲಿಕನ್ ಅಧ್ಯಕ್ಷ ಬುಷ್. ಅದರ ವೆಚ್ಚಕ್ಕೆ ಹೊಸ ತೆರಿಗೆ ಹಾಕಲಿಲ್ಲ. ಮಿತವ್ಯಯದ ಉಪದೇಶವನ್ನು ಅಂದಿಗೆ ಕಪಾಟಿನಲ್ಲಿಟ್ಟು ಬೀಗ ಹಾಕಲಾಗಿತ್ತು. ವೃದ್ಧರಿಗೆ ನೆರವಾಗಬೇಕೆಂದು ದಶಕಗಳಿಂದ ಹೇಳುತ್ತ ಬಂದ ಡೆಮೊಕ್ರಾಟರಲ್ಲಿ ಹೆಚ್ಚಿನವರು ಅದನ್ನು ವಿರೋಧಿಸಿದರು.

ಎಲ್ಲರೂ ವಿಮೆ ಕೊಳ್ಳಲೇಬೇಕು, ಕೊಳ್ಳಲಾರದವರಿಗೆ ಸರ್ಕಾರ ಸಹಾಯಧನ ಕೊಡಬೇಕು ಎಂಬ ಯೋಜನೆಯ ಚರಿತ್ರೆಯಂತೂ ಇನ್ನೂ ಸ್ವಾರಸ್ಯವಾದುದು. 1989ರಲ್ಲಿ ಈ ಕಡ್ಡಾಯದ ವಿಚಾರವನ್ನು ಮುಂದಿಟ್ಟವರು ಹೆರಿಟೇಜ್ ಫೌಂಡೇಶನ್ ಎಂಬ ಸಂಪ್ರದಾಯನಿಷ್ಠ ಸಂಸ್ಥೆಯವರು. 1993ರಲ್ಲಿ ರಿಪಬ್ಲಿಕನ್ ಸೆನೆಟರ್ ಜಾನ್ ಚೇಫಿ ಅವರ ಮಸೂದೆಯಲ್ಲಿ ಇದು ಸೇರಿತ್ತು. 2006ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ ಅವರು ಇದನ್ನು ಕಾನೂನು ಮಾಡಿದರು. 2008ರಲ್ಲಿ ಹಿಲರಿ ಕ್ಲಿಂಟನ್ನರು ಇದನ್ನು ಬೇಕೆಂದಾಗ ಅವರಿಗೆ ಎದುರಾಳಿಯಾಗಿದ್ದ ಒಬಾಮರು ಬೇಡವೆಂದಿದ್ದರು. ಅಧ್ಯಕ್ಷರಾದ ಮೇಲೆ ಒಬಾಮರು ಬೇಕೆಂದರು. ಕೂಡಲೇ ರಿಪಬ್ಲಿಕನ್ನರು ಬೇಡವೆಂದರು. 2010ರ ಮಾರ್ಚ್ 23ರಂದು ಕಾನೂನಾದ ಆ ಮಸೂದೆಗೆ ಒಬ್ಬ ರಿಪಬ್ಲಿಕನ್ ಸದಸ್ಯನೂ ಮತ ನೀಡಲಿಲ್ಲ. 2012ರಲ್ಲಿ ಅದನ್ನು ರದ್ದುಗೊಳಿಸುವೆನೆಂದು ಒಬಾಮರ ವಿರುದ್ಧ ಚುನಾವಣೆಗೆ ನಿಂತವರು ಯಾರೆಂದಿರಿ? ಅದೇ ರಾಮ್ನಿ ಅವರು!

ಈ ಕಾನೂನಿನ ನಿಜವಾದ ಹೆಸರು ಅಫರ್ಡಬಲ್ ಕೇರ್ ಆ್ಯಕ್ಟ್. ಜನ ಕರೆಯುವುದು ಒಬಾಮಕೇರ್. 2013ರಲ್ಲಿ ಸಿ.ಎನ್.ಬಿ.ಸಿ. ಸುದ್ದಿಸಂಸ್ಥೆಯವರು ಕೆಲವರನ್ನು ಒಂದು ಹೆಸರಿನಿಂದಲೂ ಕೆಲವರನ್ನು ಇನ್ನೊಂದು ಹೆಸರಿನಿಂದಲೂ ಪ್ರಶ್ನಿಸಿದರು. ಒಬಾಮಕೇರನ್ನು ವಿರೋಧಿಸಿದವರು ಶೇಕಡಾ 46. ಅಫರ್ಡಬಲ್ ಕೇರ್ ಆ್ಯಕ್ಟನ್ನು ವಿರೋಧಿಸಿದವರು ಶೇಕಡಾ 37. ಒಂದು ಹೆಸರನ್ನು ತೆಗೆದ ಮಾತ್ರಕ್ಕೆ ನೂರಕ್ಕೆ ಒಂಬತ್ತರಷ್ಟು ವಿರೋಧ ಕರಗಿತು. ಕುತೂಹಲವೆಂದರೆ, ಆ ಹೆಸರಿನಿಂದ ಬೆಂಬಲವೂ ಶೇಕಡಾ 22ರಿಂದ 29ಕ್ಕೆ ಏರಿತ್ತು. ಅಂದರೆ ಹೊಗಳಿದವರಲ್ಲಿಯೂ ತೆಗಳಿದವರಲ್ಲಿಯೂ ಕಾನೂನನ್ನು ಬಿಟ್ಟು ಹೆಸರನ್ನು ತೂಗಿದವರಿದ್ದರು.

2023ರಲ್ಲಿ ಚಿಕ್ಕ ಮಾವ ಊರಿಗೆ ಬಂದಿದ್ದರು. ಕೆಲವು ತಿಂಗಳ ಹಿಂದೆ ಅವರ ಮಗನಿಗೆ ಅಪೆಂಡಿಸೈಟಿಸ್ ಆಗಿ, ರಾತ್ರೋರಾತ್ರಿ ಶಸ್ತ್ರಚಿಕಿತ್ಸೆ ಮಾಡಿಸಬೇಕಾಗಿತ್ತು. ಹುಡುಗನಿಗೆ ಇಪ್ಪತ್ತನಾಲ್ಕು ವರ್ಷ. ಅವನಿದ್ದ ಸಣ್ಣ ಕಂಪನಿಯಲ್ಲಿ ವಿಮೆ ಇರಲಿಲ್ಲ. ಬಿಲ್ಲು ಹತ್ತಾರು ಸಾವಿರ ಡಾಲರ್ ಆಗಿತ್ತಂತೆ. ಕೇಳಿದ ನಮ್ಮ ತಾಯಿ ಗಾಬರಿಯಾಗಿ, "ಅಷ್ಟೊಂದು ಹಣ ಯಾರು ಕೊಟ್ಟರೋ?" ಎಂದರು.

"ವಿಮೆಯವರೇ ಹೆಚ್ಚು ಪಾಲು ಕೊಟ್ಟರು, ಅಕ್ಕ. ಅವನು ನನ್ನ ವಿಮೆಯಲ್ಲಿಯೇ ಇದ್ದಾನೆ. ಇಪ್ಪತ್ತಾರು ತುಂಬುವವರೆಗೆ ಮಕ್ಕಳನ್ನು ತಂದೆತಾಯಿಯ ವಿಮೆಯಲ್ಲಿ ಇರಿಸಿಕೊಳ್ಳಲೇಬೇಕೆಂದು ಕಾನೂನಿದೆ."

"ಪುಣ್ಯವಂತರ ಕಾನೂನು. ಯಾರು ಮಾಡಿದರೋ!"

ಮಾವ ಉತ್ತರ ಹೇಳಲಿಲ್ಲ. ಊಟಕ್ಕೆ ಮುಂಚೆ ತಾನೇ ಅವರು ಒಬಾಮಕೇರ್ ದೇಶವನ್ನು ಹಾಳುಮಾಡಿತೆಂದು ನನಗೆ ವಿವರಿಸಿದ್ದರು. ನಾನು ಅವರ ಮುಖ ನೋಡಿದೆ. "ಅದು ಬೇರೆ, ಇದು ಬೇರೆ ಕಣಪ್ಪ. ಆ ಕಾನೂನಿನಿಂದ ನನ್ನ ವಿಮೆಯ ಕಂತು ಎಷ್ಟು ಏರಿದೆ, ನಿನಗೆ ಗೊತ್ತೆ?" ಎಂದರು. ಕಂತಿನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ತಮ್ಮ ಹಣದಿಂದಲೇ ವಿಮೆ ಕೊಂಡ ಅನೇಕರಿಗೆ ಆ ವರ್ಷಗಳಲ್ಲಿ ಕಂತು ಏರಿದ್ದುಂಟು. ಆದರೆ ಲೆಕ್ಕ ಬರೆಯುವಾಗ ಖರ್ಚಿನ ಪುಟವೊಂದನ್ನೇ ತೆರೆದು, ಜಮೆಯ ಪುಟವನ್ನು ಅಂಟುಹಾಕಿ ಮುಚ್ಚಿಡುವುದು ಯಾವ ಲೆಕ್ಕ? ಅವರ ಅಣ್ಣನದು ಇದಕ್ಕೆ ತಿರುಗುಮುರುಗು. ದೊಡ್ಡ ಮಾವನ ಪುಸ್ತಕದಲ್ಲಿ ಒಬಾಮಕೇರಿಗೆ ಜಮೆಯ ಪುಟವೊಂದೇ ಇದೆ.

ಈ ಕಾನೂನಿಗಾಗಿ ಅಮೆರಿಕದ ಸರ್ಕಾರ ಎರಡು ಸಲ ಬಾಗಿಲು ಮುಚ್ಚಿದೆ. ಎರಡೂ ಸಲ ಅಕ್ಟೋಬರ್ 1ರಂದು. 2013ರಲ್ಲಿ ರಿಪಬ್ಲಿಕನ್ನರು, ಒಬಾಮಕೇರನ್ನು ತಡೆಯದೆ ಸರ್ಕಾರದ ವೆಚ್ಚಕ್ಕೆ ಒಪ್ಪಿಗೆ ಕೊಡುವುದಿಲ್ಲವೆಂದರು. ಕಚೇರಿಗಳು 16 ದಿನ ಮುಚ್ಚಿದವು. 2025ರಲ್ಲಿ ಡೆಮೊಕ್ರಾಟರು, ಆ ವರ್ಷದ ಕೊನೆಗೆ ಮುಗಿಯಲಿದ್ದ ಹೆಚ್ಚುವರಿ ಸಹಾಯಧನವನ್ನು ಮುಂದುವರಿಸದೆ ಒಪ್ಪಿಗೆ ಕೊಡುವುದಿಲ್ಲವೆಂದರು. ಕಚೇರಿಗಳು 43 ದಿನ ಮುಚ್ಚಿದವು. ಮೊದಲು ಬಾಗಿಲು ತೆರೆಯಿರಿ, ಮಾತುಕತೆ ಆಮೇಲೆ ಎಂದು ಮೊದಲ ಸಲ ಹೇಳಿದವರು ಡೆಮೊಕ್ರಾಟರು. ಎರಡನೆಯ ಸಲ ಹೇಳಿದವರು ರಿಪಬ್ಲಿಕನ್ನರು. ಸಂಬಳವಿಲ್ಲದೆ ಮನೆಯಲ್ಲಿ ಕುಳಿತ ಗುಮಾಸ್ತನಿಗೆ ಇದರಿಂದ ಯಾವ ಸಮಾಧಾನ ದೊರೆತೀತು?

ಹಾಗಾದರೆ ಜನರಿಗೆ ನಿಷ್ಪಕ್ಷಪಾತವಾದ ವಿವೇಚನೆಯೇ ಸಾಧ್ಯವಿಲ್ಲವೆ? ಉಂಟೆನ್ನುವುದಕ್ಕೆ ಆಧಾರವಿದೆ. ಒಬಾಮರ ಕಾನೂನಿನ ಒಂದು ಭಾಗ, ಬಡವರಿಗಿರುವ ಮೆಡಿಕೇಡ್ ವಿಮೆಯನ್ನು ವಿಸ್ತರಿಸುವುದು. ಅದನ್ನು ಒಪ್ಪುವುದು ಬಿಡುವುದು ಆಯಾ ರಾಜ್ಯದ ಇಷ್ಟವೆಂದು ಸರ್ವೋಚ್ಚ ನ್ಯಾಯಾಲಯವು 2012ರಲ್ಲಿ ತೀರ್ಮಾನಿಸಿತು. ಅನೇಕ ರಿಪಬ್ಲಿಕನ್ ರಾಜ್ಯಗಳ ನಾಯಕರು ಒಪ್ಪಲಿಲ್ಲ. ಆಗ ಕೆಲವು ರಾಜ್ಯಗಳಲ್ಲಿ ವಿಷಯವನ್ನು ನೇರವಾಗಿ ಜನರ ಮುಂದೆ ಮತಕ್ಕೆ ಇಟ್ಟರು. 2018ರಲ್ಲಿ ಐಡಹೊ, ನೆಬ್ರಾಸ್ಕ, ಯೂಟಾ. 2020ರಲ್ಲಿ ಒಕ್ಲಹೋಮ, ಮಿಸೌರಿ. 2022ರಲ್ಲಿ ಸೌತ್ ಡಕೋಟ. ಈ ಆರೂ ರಾಜ್ಯಗಳು 2016ರಲ್ಲಿಯೂ 2020ರಲ್ಲಿಯೂ ಟ್ರಂಪ್ ಅವರನ್ನು ಗೆಲ್ಲಿಸಿದವು. ಆ ಆರೂ ರಾಜ್ಯಗಳ ಜನ ವಿಸ್ತರಣೆ ಬೇಕೆಂದು ಮತ ನೀಡಿದರು. ಮತಪತ್ರದಲ್ಲಿದ್ದ ಪ್ರಶ್ನೆ, ಇಷ್ಟು ಆದಾಯದೊಳಗಿನ ಬಡವರಿಗೆ ವಿಮೆ ಬೇಕೆ ಬೇಡವೆ ಎಂಬುದು. ಒಬಾಮರು ಬೇಕೆ ಬೇಡವೆ ಎಂಬುದಲ್ಲ.

ಇದನ್ನು ಓದಿದಾಗ ನನಗೆ ನಮ್ಮ ಪರೀಕ್ಷೆಯ ಪದ್ಧತಿ ನೆನಪಾಯಿತು. ಮೌಲ್ಯಮಾಪನಕ್ಕೆ ನಮ್ಮ ಕೈಗೆ ಬರುವ ಉತ್ತರಪತ್ರಿಕೆಯಲ್ಲಿ ವಿದ್ಯಾರ್ಥಿಯ ಹೆಸರಿರಲಿ, ಅವನ ಪರೀಕ್ಷಾಸಂಖ್ಯೆಯೂ ಕಾಣದಂತೆ ಮುಚ್ಚಿ, ಸಂಕೇತದ ಅಂಕಿಯೊಂದನ್ನು ಹಾಕಿರುತ್ತಾರೆ. ಅಧ್ಯಾಪಕರೆಲ್ಲ ಕಳ್ಳರೆಂದು ಈ ಕಟ್ಟುಪಾಡು ಮಾಡಿದ್ದಲ್ಲ. ಸಜ್ಜನನಾದ ಅಧ್ಯಾಪಕನ ಕೈಯೂ ಮೆಚ್ಚಿನ ಶಿಷ್ಯನ ಹೆಸರನ್ನು ಕಂಡಾಗ ಒಂದೆರಡು ಅಂಕ ಹೆಚ್ಚು ಬರೆದೀತೆಂಬ ಲೋಕಜ್ಞಾನದಿಂದ ಮಾಡಿದ್ದು. ಹೆಸರನ್ನು ಮುಚ್ಚಿದರೆ ಎಲ್ಲರಿಗೂ ಒಂದೇ ಅಂಕ ಬರುತ್ತದೆಯೆ? ಇಲ್ಲ. ತೇರ್ಗಡೆಯಾಗುವವನು ಆಗುತ್ತಾನೆ, ಬೀಳುವವನು ಬೀಳುತ್ತಾನೆ. ಹಾಗೆಯೇ ಅಧ್ಯಕ್ಷರಲ್ಲಿಯೂ ಉತ್ತಮರು, ಮಧ್ಯಮರು, ಅಧಮರು ಇದ್ದೇ ಇರುತ್ತಾರೆ. ಎರಡು ಪಕ್ಷಗಳೂ ಒಂದೇ ಎಂದು ಹೇಳಿ ಜಾರಿಕೊಳ್ಳುವುದು ಪತ್ರಿಕೆಯನ್ನು ಓದದೆ ಎಲ್ಲರಿಗೂ ಐವತ್ತು ಅಂಕ ಹಾಕಿದಂತೆ. ಅದೂ ಅನ್ಯಾಯವೇ.

ಈಚೆಗೆ ಮಾವಂದಿರು ಅಂಕಿಯೊಂದನ್ನು ಹೇಳಿದಾಗಲೆಲ್ಲ ನಾನು ವಿನಯದಿಂದ ಒಂದೇ ಪ್ರಶ್ನೆ ಕೇಳುತ್ತೇನೆ: "ಮಾವ, ಇದೇ ಅಂಕಿ ಅವರ ಕಾಲದಲ್ಲಿ ಬಂದಿದ್ದರೆ ಏನು ಹೇಳುತ್ತಿದ್ದಿರಿ?" ಚಿಕ್ಕ ಮಾವ, "ನಿನಗೆ ಅಲ್ಲಿಯ ವಿಷಯ ತಿಳಿಯದು" ಎಂದು ಬೇರೆ ಮಾತೆತ್ತುತ್ತಾರೆ. ದೊಡ್ಡ ಮಾವ ಮೊನ್ನೆ ಮಾತ್ರ ಕೂಡಲೇ ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ತಡಿಯಪ್ಪ, ಯೋಚನೆ ಮಾಡಬೇಕು" ಎಂದರು.